ಬೆಳಿಗ್ಗೆ ಏಳರ ರೀಡಿಂಗ್

ಜನವರಿ 8

ಪ್ರೀತಿಯ ಚಿಕ್ಕಮ್ಮ,

ಇವತ್ತು ಬೆಳಿಗ್ಗೆ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ನೀನು ಬರೆಯುವ ಅಂಕಿಗಳು ಯಾವಾಗಲೂ ಚಿಕ್ಕವು, ಮೈ ಮುದುಡಿಕೊಂಡು ತಮ್ಮ ತಮ್ಮ ಚೌಕದೊಳಗೇ ಕೂತಿರುತ್ತವೆ. ಆದರೆ ನಾನು ನಿನ್ನ ಜೊತೆಗಿದ್ದ ಎರಡು ಚಳಿಗಾಲಗಳ ರಿಜಿಸ್ಟರಿನಲ್ಲಿ ಅವು ದೊಡ್ಡವಾಗಿವೆ. ಒಂಬತ್ತರ ಬಾಲ ಗೆರೆ ದಾಟಿ ಮರುದಿನದ ಚೌಕಕ್ಕೆ ಕಾಲು ಚಾಚಿದೆ. ಆಮೇಲಿನ ಬೇಸಿಗೆಯಿಂದ ಮತ್ತೆ ಚಿಕ್ಕವಾಗಿವೆ. ಯಾಕಿರಬಹುದು ಎಂದು ಸುಮ್ಮನೆ ಯೋಚಿಸುತ್ತ ಕೂತಿದ್ದೆ. ಪೆನ್ನು ಬದಲಾಯಿಸಿದ್ದೆಯಾ?

ಹೌದು, ನಿನ್ನ ರಿಜಿಸ್ಟರುಗಳು ಈಗ ನನ್ನ ಮೇಜಿನ ಮೇಲಿವೆ. ಕೆಲಸ ಸಿಕ್ಕಿತು ಎಂದು ಅಮ್ಮ ತಿಳಿಸಿರಬೇಕು, ಯಾವ ಕೆಲಸ ಎಂದು ನಾನೇ ಬರೆಯೋಣವೆಂದು ಅವಳ ಬಾಯಿ ಕಟ್ಟಿದ್ದೆ. ನಿಮ್ಮದೇ ಹವಾಮಾನ ಇಲಾಖೆಯ ಕಚೇರಿ, ಎರಡನೇ ಮಹಡಿ, ದಾಖಲೆ ಕೋಣೆ. ನಿನ್ನದೂ ಸೇರಿ ಬೆಟ್ಟಸಾಲಿನ ಏಳು ಕೇಂದ್ರಗಳ ಹಳೆಯ ರಿಜಿಸ್ಟರುಗಳನ್ನು ಓದಿ ಕಂಪ್ಯೂಟರಿಗೆ ತುಂಬಬೇಕು. ಬೆಟ್ಟ ಎಷ್ಟು ಬೆಚ್ಚಗಾಗಿದೆ, ಮುಂದೆ ಎಷ್ಟಾಗುತ್ತದೆ ಎಂದು ಒಂದು ವರದಿ ತಯಾರಾಗುತ್ತಿದೆ. ಸಂದರ್ಶನಕ್ಕೆ ಬಂದವರೆಲ್ಲರಿಗೂ ಒಂದು ಹಳೆಯ ಹಾಳೆ ಕೊಟ್ಟು ಓದಲು ಹೇಳಿದರು. ಉಳಿದವರು ತಡವರಿಸಿದರು. ನಾನು ನೀರು ಕುಡಿದ ಹಾಗೆ ಓದಿಬಿಟ್ಟೆ. ಸಾಹಿತ್ಯ ಓದಿದವರಿಗೆ ಕೈಬರಹ ಚೆನ್ನಾಗಿ ಬರುತ್ತದೆ ಎಂದು ಅವರೇ ಅರ್ಥ ಮಾಡಿಕೊಂಡರು. ಅದು ನನ್ನ ಚಿಕ್ಕಮ್ಮನ ಕೈಬರಹ ಎಂದು ನಾನು ಬಾಯಿ ಬಿಡಲಿಲ್ಲ.

ಕೋಣೆಯಲ್ಲಿ ಕಬ್ಬಿಣದ ಕಪಾಟುಗಳು, ಒಂದು ಕಿಟಕಿ, ಕೆಳಗೆ ಟೈಲರ್ ಅಂಗಡಿಯ ಹೊಲಿಗೆ ಯಂತ್ರದ ಸದ್ದು. ಜನವರಿಯಲ್ಲೂ ಫ್ಯಾನ್ ತಿರುಗುತ್ತಿದೆ. ಆ ಸೆಖೆಯಲ್ಲಿ ಕೂತು ನಾನು 'ಮೈನಸ್ 2.4' ಎಂದು ಟೈಪ್ ಮಾಡುತ್ತೇನೆ. ಆಗ ನಮ್ಮ ಬೆಳಗುಗಳೆಲ್ಲ ನೆನಪಾಗುತ್ತವೆ. ಏಳಕ್ಕೆ ಐದು ನಿಮಿಷ ಇರುವಾಗ ನೀನು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ರಿಜಿಸ್ಟರ್ ಬಿಚ್ಚುತ್ತಿದ್ದೆ. ನಾನು ಸ್ಟೂಲು ಹೊತ್ತುಕೊಂಡು, ಹುಲ್ಲಿನ ಮೇಲಿನ ಮಂಜು ಕರಕರ ಎನ್ನುವಂತೆ ತುಳಿಯುತ್ತ ಥರ್ಮಾಮೀಟರುಗಳಿರುವ ಬಿಳಿ ಪೆಟ್ಟಿಗೆಯ ಹತ್ತಿರ ಹೋಗುತ್ತಿದ್ದೆ. ಪಟ್ಟಿಪಟ್ಟಿಯ ಬಾಗಿಲು ತೆರೆದು, ಸ್ಟೂಲಿನ ಮೇಲೆ ನಿಂತು, ಉಸಿರು ಹಿಡಿದು ನೋಡುತ್ತಿದ್ದೆ. "ಉಸಿರು ಬಿಟ್ಟರೆ ಥರ್ಮಾಮೀಟರ್ ನಿನ್ನ ಜ್ವರ ಹೇಳುತ್ತೆ, ಬೆಟ್ಟದ್ದಲ್ಲ" ಎಂದು ನೀನು ಹೆದರಿಸಿದ್ದೆ. ನಾನು ನೋಡಿ ಕೂಗುವುದು, ನೀನು ಬರೆಯುವುದು. ಇಡೀ ಶಾಲೆಯಲ್ಲಿ ಇಂಥ ಆಟ ಯಾರಿಗೂ ಇರಲಿಲ್ಲ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನ್ನ ಕ್ವಾರ್ಟರ್ಸಿಗೆ ಸಿಗ್ನಲ್ ಬರುವುದಿಲ್ಲ. ಹಾಗಾಗಿ ಈ ಪತ್ರವನ್ನು ಕಚೇರಿಯ ಟಪಾಲು ಚೀಲದಲ್ಲೇ ತೂರಿಸುತ್ತಿದ್ದೇನೆ.

ನಿನ್ನ
ಚೋಟು


ಜನವರಿ 15

ಚೋಟೂ,

ಚೀಲ ಬಿಚ್ಚಿದರೆ ಸುತ್ತೋಲೆಗಳ ನಡುವೆ ನಿನ್ನ ಲಕೋಟೆ. ಇಲಾಖೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಓದಬೇಕು ಅನ್ನಿಸುವಂಥದ್ದು ಕಳಿಸಿದೆ.

ಇವತ್ತು ಏಳಕ್ಕೆ 4.2. ನಿನ್ನೆ 4.6. ಹಿಂಬದಿಯ ತೊಟ್ಟಿ ಈ ಚಳಿಗಾಲದಲ್ಲಿ ನಾಲ್ಕೇ ದಿನ ಹೆಪ್ಪುಗಟ್ಟಿತು, ಅದೂ ಹಾಲಿನ ಕೆನೆಯಷ್ಟು ತೆಳ್ಳಗೆ. ನೀನು ಮಂಜುಗಡ್ಡೆಯ ಚೂರು ಎತ್ತಿ ಅದರ ಮೂಲಕ ನನ್ನ ಮುಖ ನೋಡಿ "ಚಿಕ್ಕಮ್ಮ, ನಿಂಗೆ ಮೂರು ಮೂಗು" ಅನ್ನುತ್ತಿದ್ದೆ. ಈಗ ಎತ್ತಲು ಹೋದರೆ ಕೈಯಲ್ಲೇ ನೀರಾಗುತ್ತದೆ.

ಪೆಟ್ಟಿಗೆಯಿಂದ ನೂರು ಹೆಜ್ಜೆ ಆಚೆ ಒಂದು ಹೊಸ ಕಂಬ ನೆಟ್ಟಿದ್ದಾರೆ. ತಾನೇ ಅಳೆಯುತ್ತದಂತೆ, ತಾನೇ ಕಳಿಸುತ್ತದಂತೆ. ಅದಕ್ಕೆ ರಜೆ ಬೇಡ, ಸ್ವೆಟರ್ ಬೇಡ. ಮಾರ್ಚ್ 31ಕ್ಕೆ ನಾನು ನಿವೃತ್ತಳು. ಏಪ್ರಿಲ್ 1ಕ್ಕೆ ಬಿಳಿ ಪೆಟ್ಟಿಗೆಯನ್ನು ಬಿಚ್ಚುತ್ತಾರೆ. ಒಂದು ದಿನ ಹೆಚ್ಚು ಬಾಳುತ್ತದೆ ನನಗಿಂತ.

ಬಣ್ಣ ಹೊಡೆಯುವವರು ಬಂದಿದ್ದರು, ಕ್ವಾರ್ಟರ್ಸಿಗೆಲ್ಲ ಸುಣ್ಣ ಬಣ್ಣ. ಅಡುಗೆಮನೆ ಬಾಗಿಲಿನ ಚೌಕಟ್ಟು ಮಾತ್ರ ಮುಟ್ಟಲು ಬಿಡಲಿಲ್ಲ. ನಿನ್ನ ಎತ್ತರದ ಪೆನ್ಸಿಲ್ ಗೆರೆಗಳು ತಾರೀಖಿನ ಸಮೇತ ಹಾಗೇ ಇವೆ. ಮೊದಲ ನವೆಂಬರಿನಲ್ಲಿ ಮೂರು ಅಡಿ ಹತ್ತೂವರೆ ಇಂಚು. ಬಣ್ಣದವನು "ಯಾರಮ್ಮ ಇದು, ಇಷ್ಟು ಗಿಡ್ಡ?" ಅಂದ. "ಈಗಲೂ ಅಂಥದ್ದೇನೂ ಬೆಳೆದಿಲ್ಲ ಬಿಡು" ಅಂದೆ.

ಸೆಖೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೋ. ಊಟ ತಪ್ಪಿಸಬೇಡ. ಅಕ್ಕನಿಗೆ ಹೇಳು, ಏಪ್ರಿಲಿನಲ್ಲಿ ನನ್ನ ಎರಡು ಪೆಟ್ಟಿಗೆ ಸಾಮಾನಿಗೆ ಜಾಗ ಮಾಡಿರಲಿ.

ಚಿಕ್ಕಮ್ಮ


ಜನವರಿ 24

ಪ್ರೀತಿಯ ಚಿಕ್ಕಮ್ಮ,

ಪೆನ್ನಿನ ವಿಷಯ ನೀನು ಬರೆಯಲಿಲ್ಲ. ಇರಲಿ. ಈಗ ಅದಕ್ಕಿಂತ ದೊಡ್ಡದೊಂದು ಬಂದಿದೆ.

ನಮ್ಮ ವಿಭಾಗದ ಹಿರಿಯ ವಿಜ್ಞಾನಿಯನ್ನು ಎಲ್ಲರೂ ಹಿಂದಿನಿಂದ 'ಸರಾಸರಿ ಸಾರ್' ಎನ್ನುತ್ತಾರೆ. ಚಹಾ ಹೇಗಿದೆ ಎಂದು ಕೇಳಿದರೂ ಈ ವಾರದ ಸರಾಸರಿಗಿಂತ ಪರವಾಗಿಲ್ಲ ಎನ್ನುವ ಮನುಷ್ಯ. ಜೋರು ಮಾಡುವವರಲ್ಲ, ಆದರೆ ಸಂಖ್ಯೆಯ ವಿಷಯದಲ್ಲಿ ಅವರ ಕಣ್ಣು ತಪ್ಪಿಸುವುದು ಕಷ್ಟ. ನಿನ್ನೆ ನನ್ನ ಮೇಜಿನ ಹತ್ತಿರ ಬಂದು ಒಂದು ಹಾಳೆ ಇಟ್ಟರು. ನಾನು ನಿನ್ನ ಜೊತೆಗಿದ್ದ ಆ ಎರಡು ಚಳಿಗಾಲಗಳಲ್ಲಿ ಹನ್ನೊಂದು ಬೆಳಗುಗಳಿಗೆ ಕೆಂಪು ಗುರುತು ಹಾಕಿದ್ದರು. ಆ ಹನ್ನೊಂದು ದಿನವೂ ಏಳು ಗಂಟೆಯ ರೀಡಿಂಗ್ ರಾತ್ರಿಯ ಕನಿಷ್ಠಕ್ಕಿಂತ ಕಡಿಮೆ ಇದೆ. ಅಡ್ಡ ಮಲಗಿಸಿದ ಥರ್ಮಾಮೀಟರ್ ರಾತ್ರಿಯಿಡೀ ಕಂಡ ಅತಿ ಕಡಿಮೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆಟ್ಟಗೆ ನಿಂತಿರುವ ಥರ್ಮಾಮೀಟರ್ ಬೆಳಿಗ್ಗೆ ಏಳಕ್ಕೆ ಅದಕ್ಕಿಂತಲೂ ಕೆಳಗೆ ತೋರಿಸಲು ಹೇಗೆ ಸಾಧ್ಯ? ಇದು ನಿನಗೆ ನಾನು ಹೇಳಬೇಕಾದ ಪಾಠವಲ್ಲ, ನೀನೇ ನನಗೆ ಕಲಿಸಿದ್ದು.

ಅವರು ಎಲ್ಲ ದಿನಗಳನ್ನೂ ಕೆಳಗಿನ ಕೇಂದ್ರದ ಜೊತೆ ಹೋಲಿಸಿದ್ದಾರೆ. ಮಧ್ಯಾಹ್ನದ ರೀಡಿಂಗ್ ಸರಿಯಾಗಿದೆ, ಬೇಸಿಗೆಯವು ಸರಿಯಾಗಿವೆ. ಆ ಎರಡು ಚಳಿಗಾಲಗಳ ಬೆಳಿಗ್ಗೆ ಏಳು ಮಾತ್ರ ಸುಮಾರು ಅರ್ಧ ಡಿಗ್ರಿ ಕೆಳಗಿದೆ.

"ಯಾರೋ ಹಾಸಿಗೆಯಲ್ಲೇ ಕೂತು ಅಂದಾಜಿನ ಮೇಲೆ ಬರೆದಿದ್ದಾರೆ ಅನ್ಸುತ್ತೆ" ಎಂದರು. ನನ್ನ ಕಿವಿ ಕಾದವು. ಅದು ನನ್ನ ಚಿಕ್ಕಮ್ಮ, ಅವರು ಹಾಗೆ ಮಾಡುವವರಲ್ಲ ಎಂದು ಆಗ ಹೇಳಿದೆ. ಮೂರು ವಾರದಲ್ಲಿ ನಾನು ಅವರ ಹತ್ತಿರ ಆಡಿದ ಅತಿ ಉದ್ದದ ವಾಕ್ಯ ಅದು.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಹಾಗಾದರೆ ನೀವೇ ಕೇಳಿ ಎಂದರು. ಮಾರ್ಚ್ 10ಕ್ಕೆ ವರದಿಗೆ ಸೇರುವ ಕೇಂದ್ರಗಳ ಪಟ್ಟಿ ಅಂತಿಮವಾಗುತ್ತದೆ. ಮೂವತ್ತು ವರ್ಷ ಬಿಟ್ಟುಹೋಗದ, ನಂಬಬಹುದಾದ ದಾಖಲೆ ಇದ್ದರೆ ಮಾತ್ರ ಪಟ್ಟಿಯಲ್ಲಿ ಜಾಗ. ಎರಡು ವರ್ಷ ತೆಗೆದುಹಾಕಿದರೆ ನಿನ್ನ ಕೇಂದ್ರದ್ದು ಇಪ್ಪತ್ತೊಂಬತ್ತಾಗುತ್ತದೆ. ಬೆಟ್ಟಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ನಿನ್ನದೇ. ಅದು ಬಿಟ್ಟುಹೋದರೆ ಬೆಟ್ಟದ ತಲೆಯ ಲೆಕ್ಕವನ್ನು ಕಾಲಿನಿಂದ ಊಹಿಸಬೇಕು.

ಆ ಚಳಿಗಾಲಗಳಲ್ಲಿ ಏನಾದರೂ ಆಗಿತ್ತಾ, ಚಿಕ್ಕಮ್ಮ? ಥರ್ಮಾಮೀಟರ್ ಬದಲಾಗಿತ್ತಾ?

ಚೋಟು


ಜನವರಿ 30

ಚೋಟೂ,

ಥರ್ಮಾಮೀಟರ್ ಬದಲಾಗಿಲ್ಲ. ಆ ಎರಡು ಚಳಿಗಾಲ ನಿಜವಾಗಿಯೂ ಚಳಿಯಿತ್ತು. ನಿಮ್ಮ ಸಾರ್ ಒಂದು ಚಳಿಗಾಲ ಇಲ್ಲಿ ಬಂದು ಇದ್ದು ನೋಡಲಿ, ಆಮೇಲೆ ಹಾಸಿಗೆಯ ಮಾತಾಡಲಿ.

ರಿಜಿಸ್ಟರಿನಲ್ಲಿ ತಿದ್ದಿದ ಗುರುತು ಒಂದಾದರೂ ಇದೆಯಾ, ನೀನೇ ನೋಡು. ಕಿವಿಗೆ ಬಿದ್ದದ್ದನ್ನು ಬರೆದಿದ್ದೇನೆ.

ಇವತ್ತು ಏಳಕ್ಕೆ 5.1. ಕೆಲಸ ಬಹಳ ಇದೆ.

ಚಿಕ್ಕಮ್ಮ


ಫೆಬ್ರವರಿ 7

ಪ್ರೀತಿಯ ಚಿಕ್ಕಮ್ಮ,

ನಿನಗೆ ಕೋಪ ಬಂದಿದೆ. ಆರೇ ಸಾಲಿನ ಪತ್ರ. ನೀನು ಸುಳ್ಳು ಬರೆದೆ ಎಂದು ನಾನು ಅಂದುಕೊಂಡಿಲ್ಲ, ಯಾವತ್ತೂ. ನೀನು ಜ್ವರ ಬಂದಾಗಲೂ ಕಂಬಳಿ ಹೊದ್ದು ಪೆಟ್ಟಿಗೆಯ ಹತ್ತಿರ ಹೋಗುತ್ತಿದ್ದವಳು. ನನ್ನ ಪತ್ರದಲ್ಲಿ ಮಾತು ಒರಟಾಗಿದ್ದರೆ ಕ್ಷಮಿಸು, ಬಾಯಲ್ಲಿ ಬಾರದ್ದು ಕೈಯಲ್ಲೂ ಸರಿಯಾಗಿ ಬರುತ್ತಿಲ್ಲ.

ನಿನ್ನೆ ಸರಾಸರಿ ಸಾರ್ ವರದಿಯ ಕೊನೆಯ ಭಾಗ ತೋರಿಸಿದರು. ಗೆರೆ ಎಡದಿಂದ ಬಲಕ್ಕೆ ಏರುತ್ತದೆ. ಇವತ್ತಿನ ಹತ್ತಿರ ಬಂದು, ಮುಂದಿನ ನಲವತ್ತು ವರ್ಷಕ್ಕೆ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಚುಕ್ಕಿ ಯಾಕೆ ಎಂದು ಕೇಳಿದೆ. "ಅದು ಇನ್ನೂ ಆಗಿಲ್ವಲ್ಲ" ಎಂದರು. ಆ ಚುಕ್ಕಿಗಳ ಕೊನೆಯಲ್ಲಿ ನೀರು ಹೆಪ್ಪುಗಟ್ಟುವ ಬೆಳಗುಗಳ ಸಂಖ್ಯೆ ಸೊನ್ನೆ. ನನಗೆ ಆಗ ಅರುವತ್ತೈದು. ಮೂರು ಮೂಗಿನ ಕಥೆಯನ್ನು ಹೇಳಿದರೆ ಕೇಳುವವರಿಗೆ ನಾನು ಕಟ್ಟಿ ಹೇಳುತ್ತಿದ್ದೇನೆ ಅನ್ನಿಸಬಹುದು.

ಎಡಗಡೆ ಗೆರೆ ಆಳಕ್ಕೆ ಇಳಿಯುವ ಒಂದು ತಗ್ಗು ಇದೆ. ಅದೇ ನಮ್ಮ ಎರಡು ಚಳಿಗಾಲ. ಮೂವತ್ತು ವರ್ಷದಲ್ಲೇ ಅತಿ ಚಳಿಯವು. ಹಾಸ್ಟೆಲಿನಲ್ಲಿ ಯಾರಾದರೂ ಚಳಿಯ ಮಾತೆತ್ತಿದರೆ ನಾನು ಒಳಗೊಳಗೇ ಬೀಗುತ್ತಿದ್ದೆ, ನಾನು ನೋಡಿರುವ ಚಳಿ ಇವರು ಕಂಡಿಲ್ಲ ಎಂದು. ಈಗ ಆ ತಗ್ಗಿನ ಮೇಲೆಯೇ ಕೆಂಪು ಗುರುತು.

ಇನ್ನೊಂದು ಮಾತು ಹೇಳಬೇಕಿತ್ತು. ಎರಡು ಸಲ ಬರೆದು ಹರಿದೆ. ನಿನ್ನ ಪತ್ರ ಬಂದ ಮೇಲೆ ಬರೆಯುತ್ತೇನೆ.

ಚೋಟು


ಫೆಬ್ರವರಿ 19

ಪ್ರೀತಿಯ ಚಿಕ್ಕಮ್ಮ,

ಚೀಲ ನಾಲ್ಕು ಸಲ ಬಂದಿತು. ನಾಲ್ಕರಲ್ಲೂ ಜನವರಿಯ ಲೆಕ್ಕಪಟ್ಟಿ, ಮಳೆಯ ಪಟ್ಟಿ, ಗಾಳಿಯ ಪಟ್ಟಿ ಇದ್ದವು. ನಿನ್ನ ಪತ್ರ ಇರಲಿಲ್ಲ. ಇನ್ನು ಕಾಯುವುದಿಲ್ಲ, ಹೇಳಿಬಿಡುತ್ತೇನೆ.

ನಾನು ಸ್ಟೂಲಿನ ಮೇಲೆ ನಿಲ್ಲುತ್ತಿರಲಿಲ್ಲ.

ಮೊದಲ ವಾರ ನಿಂತೆ. ಆಮೇಲೆ ಇಲ್ಲ. ಸ್ಟೂಲು ಭಾರವಾಗಿತ್ತು, ಅದರ ಕಬ್ಬಿಣದ ಕಾಲು ಹಿಡಿದರೆ ಬೆರಳು ಅಂಟಿಕೊಳ್ಳುವಷ್ಟು ತಣ್ಣಗಿರುತ್ತಿತ್ತು. ಅದನ್ನು ಹಿಂದಿನ ಬಾಗಿಲ ಮೂಲೆಯಲ್ಲಿ ಬಿಟ್ಟು ಬರಿಗೈಯಲ್ಲಿ ಹೋಗುತ್ತಿದ್ದೆ. ತುದಿಗಾಲಲ್ಲಿ ನಿಂತು, ಕತ್ತು ಎತ್ತಿ ನೋಡಿ, ಕೂಗಿಬಿಡುತ್ತಿದ್ದೆ. ನಿನ್ನ ಹತ್ತಿರ ಮಾತ್ರ ಸ್ಟೂಲು ಹತ್ತಿದವಳ ಹಾಗೆ ನಟಿಸುತ್ತಿದ್ದೆ. ಜನವರಿ 8ರ ಪತ್ರದಲ್ಲೂ ಹತ್ತಿದೆ ಎಂದೇ ಬರೆದೆ ನೋಡು. ಹದಿನಾರು ವರ್ಷ ಹಳೆಯ ಸುಳ್ಳು, ಕೈ ತಾನಾಗಿಯೇ ಬರೆಯಿತು.

ಮೊನ್ನೆ ಕೆಳಗಿನ ಉಗ್ರಾಣಕ್ಕೆ ಹೋಗಿ ಒಂದು ಹಳೆಯ ಥರ್ಮಾಮೀಟರನ್ನು ಕಂಬಕ್ಕೆ ಕಟ್ಟಿಸಿದೆ. ಮೊದಲು ಕಣ್ಣಿನ ನೇರಕ್ಕೆ ನೋಡಿದೆ. ಆಮೇಲೆ ಮೊಣಕಾಲೂರಿ ಕೆಳಗಿನಿಂದ ನೋಡಿದೆ. ಗೆರೆಗಳು ಗಾಜಿನ ಮೇಲಿವೆ, ಪಾದರಸ ಗಾಜಿನ ಒಳಗಿದೆ. ಕೆಳಗಿನಿಂದ ಓರೆಯಾಗಿ ನೋಡಿದರೆ ಪಾದರಸದ ತಲೆ ಇರುವುದಕ್ಕಿಂತ ಕೆಳಗಿನ ಗೆರೆಗೆ ತಾಗಿದಂತೆ ಕಾಣುತ್ತದೆ. ಅರ್ಧ ಡಿಗ್ರಿ. ಮತ್ತೆ ಎದ್ದೆ, ಮತ್ತೆ ಕೂತೆ, ಹತ್ತು ಸಲ. ಉಗ್ರಾಣ ನೋಡಿಕೊಳ್ಳುವವರು "ಏನಮ್ಮಾ, ಥರ್ಮಾಮೀಟರಿಗೆ ಹರಕೆ ಹೊತ್ತಿದ್ದೀಯಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಲಗಿಸಿದ ಥರ್ಮಾಮೀಟರಿಗೆ ಈ ತೊಂದರೆಯಿಲ್ಲ, ಗಿಡ್ಡವರಿಗೂ ಎತ್ತರದವರಿಗೂ ಅದು ಒಂದೇ ತೋರಿಸುತ್ತದೆ. ಹಾಗಾಗಿ ರಾತ್ರಿಯದ್ದು ಸರಿಯಾಗಿದೆ, ಬೆಳಗಿನದ್ದು ತಪ್ಪಾಗಿದೆ.

ಆ ಚಳಿಯ ಅರ್ಧ ಡಿಗ್ರಿ ಬೆಟ್ಟದ್ದಲ್ಲ, ನನ್ನ ಎತ್ತರದ್ದು.

ಇದನ್ನು ಕಂಡುಹಿಡಿದ ಮೇಲೆ ಎರಡು ದಿನ ಇನ್ನೊಂದು ಪ್ರಶ್ನೆ ಬಿಡಲಿಲ್ಲ. ನಿನ್ನ ಕಿಟಕಿಯಿಂದ ಪೆಟ್ಟಿಗೆಗೆ ಇಪ್ಪತ್ತು ಹೆಜ್ಜೆ. ನೀನು ಕಿಟಕಿಯ ಮುಂದೆಯೇ, ನನ್ನ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಅದಕ್ಕೆ ಮೊದಲು ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಫ್ರಾಕಿನ ಗುಂಡಿ ಬಿಟ್ಟಿದ್ದರೆ ರಸ್ತೆಯ ಆಚೆಯಿಂದ ಗದರಿಸುತ್ತಿದ್ದವಳು ನೀನು. ಎರಡು ಚಳಿಗಾಲ ನಾನು ಸ್ಟೂಲಿಲ್ಲದೆ ಹೋದದ್ದು ನಿನಗೆ ಒಂದು ದಿನವಾದರೂ ಕಾಣಲಿಲ್ಲವೇ?

ಆಗ ಆ ದೊಡ್ಡ ಅಂಕಿಗಳು ನೆನಪಾದವು.

ಚಿಕ್ಕಮ್ಮ, ಆಗ ನಿನಗೆ ಕಣ್ಣು ಕಾಣುತ್ತಿತ್ತಾ?

ಚೋಟು


ಫೆಬ್ರವರಿ 27

ಚೋಟೂ,

ಕೋಪ ಬಂದಿರಲಿಲ್ಲ. ಹೆದರಿಕೆ. ಜನವರಿ 8ರ ನಿನ್ನ ಪತ್ರದಲ್ಲಿ ಅಂಕಿಗಳ ಮಾತು ಓದಿದಾಗಲೇ ಶುರುವಾಯಿತು. ಇವಳು ಎಲ್ಲ ಬಿಟ್ಟು ಅದನ್ನೇ ನೋಡಿದಳಲ್ಲ ಅಂದುಕೊಂಡೆ. ಚಿಕ್ಕವಳಿದ್ದಾಗಲೂ ಹಾಗೇ, ಮಾತಾಡುತ್ತಿರಲಿಲ್ಲ, ನೋಡುತ್ತಲೇ ಇರುತ್ತಿದ್ದೆ. ನನಗೆ ಬೇಕಾಗಿದ್ದೂ ಆಗ ಅದೇ.

ಕಣ್ಣಿಗೆ ಪೊರೆ ಬಂದಿತ್ತು, ಎರಡಕ್ಕೂ. ನಲವತ್ತನಾಲ್ಕನೇ ವಯಸ್ಸಿಗೆ. ಬಿಸಿಲಿದ್ದರೆ ಭೂತಗನ್ನಡಿ ಹಿಡಿದು ಹೇಗೋ ನಿಭಾಯಿಸುತ್ತಿದ್ದೆ. ಮಧ್ಯಾಹ್ನದ್ದು ನಾನೇ ನೋಡುತ್ತಿದ್ದೆ, ಬೇಸಿಗೆಯಲ್ಲಿ ಬೆಳಗಿನದ್ದೂ. ಚಳಿಗಾಲದ ಏಳು ಗಂಟೆಗೆ ಪೆಟ್ಟಿಗೆಯೊಳಗೆ ಬರೀ ಬೂದು. ಮೇಲಿನವರಿಗೆ ಹೇಳಿದರೆ ಕೆಳಗೆ ಕರೆಸಿ ಮೇಜಿನ ಕೆಲಸಕ್ಕೆ ಹಾಕುತ್ತಿದ್ದರು. ಆಗ ಈ ಕೇಂದ್ರಕ್ಕೆ ಬರಲು ಯಾರೂ ಒಪ್ಪುತ್ತಿರಲಿಲ್ಲ, ಮುಚ್ಚುವ ಮಾತು ಆಗಲೇ ನಡೆದಿತ್ತು. ನಿನ್ನ ಅಪ್ಪ ಹೋದ ಮೇಲೆ ಅಕ್ಕನಿಗೆ ಆಸ್ಪತ್ರೆಯಲ್ಲಿ ಹಗಲು ಒಂದು ವಾರ, ರಾತ್ರಿ ಒಂದು ವಾರ ಕೆಲಸ. ನಿನ್ನನ್ನು ನೋಡಿಕೊಳ್ಳುವವರಿಲ್ಲ ಎಂದು ಬರೆದಳು. ಕಳಿಸು ಎಂದು ಬರೆದೆ. ನಿನಗಾಗಿ ಕರೆಸಿಕೊಂಡೆ ಎಂದು ಎಲ್ಲರೂ ನನ್ನನ್ನು ಹೊಗಳಿದರು. ಅರ್ಧ ಅದು ನಿಜ. ಇನ್ನರ್ಧ ನನ್ನ ಕಣ್ಣಿಗಾಗಿ.

ಇನ್ನು ನಿನ್ನ ಸ್ಟೂಲು.

ನನಗೆ ಗೊತ್ತಿತ್ತು. ಕಾಣುತ್ತಿರಲಿಲ್ಲ, ಕೇಳುತ್ತಿತ್ತಲ್ಲ. ಪೆಟ್ಟಿಗೆಯ ಕೆಳಗೆ ಕಲ್ಲು ಹಾಸಿದೆ, ಕಬ್ಬಿಣದ ಕಾಲು ಅದಕ್ಕೆ ತಾಗಿದರೆ ಟಣ್ ಎನ್ನುತ್ತದೆ. ಮೊದಲ ವಾರ ದಿನವೂ ಕೇಳಿದೆ. ಎಂಟನೇ ದಿನ ಕೇಳಲಿಲ್ಲ. ಸ್ಟೂಲು ಎಲ್ಲಿ ಎಂದು ಕೇಳಬೇಕು ಎಂದು ಬಾಯಿ ತೆರೆದೆ. ಕೇಳಿದರೆ ನೀನು "ಕಿಟಕಿಯಿಂದ ಕಾಣ್ತಾ ಇಲ್ವಾ ಚಿಕ್ಕಮ್ಮ?" ಅನ್ನುತ್ತಿದ್ದೆ. ಎಂಟು ವರ್ಷದ ಮಗುವಿಗೆ ನಾನು ಏನೆಂದು ಉತ್ತರ ಕೊಡಲಿ? ಬಾಯಿ ಮುಚ್ಚಿಕೊಂಡೆ. ನೀನು ಕೂಗಿದ್ದನ್ನು ಬರೆದೆ. ಕನಿಷ್ಠಕ್ಕಿಂತ ಕಡಿಮೆ ಬಂದ ದಿನಗಳಲ್ಲಿ ಅದು ತಪ್ಪು ಎಂದು ಗೊತ್ತಿತ್ತು. ಆದರೆ ತಿದ್ದಿದರೆ ಅದು ಸುಳ್ಳಾಗುತ್ತಿತ್ತು. ತಿದ್ದಲಿಲ್ಲ.

ಎರಡನೇ ಚಳಿಗಾಲ ಮುಗಿದ ಮೇಲೆ ರಜೆ ಹಾಕಿ ಕೆಳಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ, ಯಾರಿಗೂ ಹೇಳದೆ. ಬದಲಿಗೆ ಬಂದವರು ಹದಿನೈದು ದಿನ ಕೇಂದ್ರವನ್ನೂ ನಿನ್ನನ್ನೂ ನೋಡಿಕೊಂಡರು. ತಿರುಗಿ ಬಂದಾಗ ನೀನು ಓಡಿ ಬಂದು ಕೈ ಹಿಡಿದೆ. ಎರಡು ವರ್ಷದಲ್ಲಿ ಮೊದಲ ಸಲ ನಿನ್ನ ಬೆರಳುಗಳನ್ನು ಸರಿಯಾಗಿ ನೋಡಿದೆ. ಗಂಟುಗಂಟೂ ಬಿರುಕು ಬಿಟ್ಟಿತ್ತು, ರಕ್ತ ಒಣಗಿತ್ತು. ನೀನು ಒಂದು ದಿನವೂ ಉರಿಯುತ್ತದೆ ಎಂದಿರಲಿಲ್ಲ. ಆ ತಿಂಗಳೇ ನಿನ್ನನ್ನು ಅಕ್ಕನ ಹತ್ತಿರ ಕಳಿಸಿದೆ. ಜೀಪಿನಲ್ಲಿ ಕೂತು ನೀನು ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಬೀಳ್ಕೊಡುಗೆಯ ದಿನ ಓದುವ ಪತ್ರದ ಪ್ರತಿ ಬಂದಿದೆ. 'ಮೂವತ್ತೊಂದು ವರ್ಷ ಒಂದು ದಿನವೂ ತಪ್ಪದ ದಾಖಲೆ' ಎಂದಿದೆ. ಆ ಸಾಲು ನಿಜ. ಉಳಿದದ್ದನ್ನು ನೀನು ಕಂಡ ಹಾಗೆ ಬರೆ. ನನ್ನ ಮುಖ ನೋಡಿ ಏನನ್ನೂ ತಿದ್ದಬೇಡ. ಒಂದೇ ಕೇಳಿಕೆ, ಆಗುವುದಿದ್ದರೆ ಆ ಎರಡು ಚಳಿಗಾಲಗಳನ್ನು ಎಸೆಯದ ಹಾಗೆ ನೋಡಿಕೋ. ಮೂವತ್ತೊಂದರಲ್ಲಿ ಅಷ್ಟೇ ನನಗೆ ಇನ್ನೊಬ್ಬರ ದನಿ ಕೇಳಿಸಿದ್ದು.

ಚಿಕ್ಕಮ್ಮ


ಮಾರ್ಚ್ 9

ಪ್ರೀತಿಯ ಚಿಕ್ಕಮ್ಮ,

ನಿನ್ನ ಪತ್ರವನ್ನು ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಯಾರೋ ದಾರಿ ಬಿಡಿ ಎಂದು ಮೂರನೇ ಸಲ ಹೇಳಿದಾಗ ಕೇಳಿಸಿತು.

ನಾನು ಹದಿನಾರು ವರ್ಷ ಬೇರೆಯೇ ಅಂದುಕೊಂಡಿದ್ದೆ. ನೀನು ಸ್ಟೂಲಿನ ಮೋಸ ಕಂಡುಹಿಡಿದು, ನನ್ನ ಮೇಲೆ ಬೇಸರಪಟ್ಟು, ಬೈಯಲು ಮನಸ್ಸಾಗದೆ ಕಳಿಸಿಬಿಟ್ಟೆ ಎಂದು. ಜೀಪಿನಲ್ಲಿ ನಾನು ನಿನ್ನ ಕಡೆ ನೋಡದೆ ಇದ್ದದ್ದು ನಾಚಿಕೆಗೆ. ಬೆರಳು ಉರಿಯುತ್ತದೆ ಎಂದು ಹೇಳಲಿಲ್ಲ ಯಾಕೆಂದರೆ ಹೇಳಿದರೆ ನೀನು ಆ ಕೆಲಸ ನನ್ನಿಂದ ಕಿತ್ತುಕೊಳ್ಳುತ್ತಿದ್ದೆ. ಅಷ್ಟು ಜನ ಇರುವ ಲೋಕದಲ್ಲಿ ನಾನು ಗಟ್ಟಿಯಾಗಿ ಕೂಗುತ್ತಿದ್ದದ್ದು ಅದೊಂದೇ ಜಾಗದಲ್ಲಿ.

ಸರಾಸರಿ ಸಾರ್ ಹತ್ತಿರ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಸ್ಟೂಲಿನಿಂದ ಶುರು ಮಾಡಿದೆ, ಕಣ್ಣಿನ ವಿಷಯವನ್ನೂ ಹೇಳಿದೆ. ಅವರು ಆ ಕೆಂಪು ಗುರುತಿನ ಹಾಳೆಯನ್ನು ಹತ್ತಿರ ಎಳೆದುಕೊಂಡರು.

"ಸುಳ್ಳು ರೀಡಿಂಗ್ ಆದ್ರೆ ಎಸೀಬೇಕು" ಎಂದರು. "ಇದು ಸುಳ್ಳಲ್ಲ, ತಪ್ಪು. ತಪ್ಪು ಎಷ್ಟು ಅಂತ ಗೊತ್ತಾದ್ರೆ ಇಟ್ಕೋಬಹುದು."

ಚಿಕ್ಕಮ್ಮನ ಹೆಸರಿಗೆ ಏನಾಗುತ್ತದೆ ಎಂದು ಕೇಳಿದೆ. ರಿಜಿಸ್ಟರಿನ ಕೊನೆಯ ಕಾಲಂ ತೋರಿಸಿದರು. "ಷರಾದಲ್ಲಿ ಯಾರು ನೋಡಿದ್ರು ಅಂತ ಬರೀರಿ. ಯಾಕೆ ನೋಡಿದ್ರು ಅಂತ ಕೇಳೋ ಕಾಲಂ ನಮ್ಮಲ್ಲಿ ಇಲ್ಲ." ನಾನು ಬರೆದೆ. ಎರಡು ಚಳಿಗಾಲಗಳ ಪ್ರತಿ ಪುಟಕ್ಕೂ ಒಂದೊಂದು ಸಾಲು: ಬೆಳಿಗ್ಗೆ ಏಳರ ರೀಡಿಂಗ್ ನೋಡಿದವಳು ಎಂಟು ವರ್ಷದ ಹುಡುಗಿ, ಕೆಳಗಿನಿಂದ. ಎರಡನೇ ಚಳಿಗಾಲದ ಪುಟಗಳಿಗೆ ಒಂಬತ್ತು ವರ್ಷದ. ಕೊನೆಗೆ ನನ್ನ ರುಜು.

ಆಮೇಲೆ ನಿನ್ನ ಬಾಗಿಲ ಚೌಕಟ್ಟಿನ ಮಾತು ಬಂತು. ಅಲ್ಲಿ ತಾರೀಖಿನ ಸಮೇತ ಗೆರೆಗಳಿವೆ ಎಂದಾಗ ಅವರು ಕುರ್ಚಿಯಿಂದ ಎದ್ದುಬಿಟ್ಟರು. ಯಾವ ತಿಂಗಳಲ್ಲಿ ನನ್ನ ಕಣ್ಣು ಎಷ್ಟು ಎತ್ತರದಲ್ಲಿತ್ತು ಎಂದು ಅದರಿಂದ ಗೊತ್ತಾಗುತ್ತದೆ. ಹೋಲಿಕೆಯ ಹಾಳೆಯನ್ನು ಮತ್ತೆ ತೆಗೆದು ನೋಡಿದೆವು. ಮೊದಲ ನವೆಂಬರಿನಲ್ಲಿ ವ್ಯತ್ಯಾಸ 0.6, ಎರಡನೇ ಚಳಿಗಾಲದ ಫೆಬ್ರವರಿಯ ಹೊತ್ತಿಗೆ 0.4. ತಿಂಗಳಿಂದ ತಿಂಗಳಿಗೆ ಕಮ್ಮಿಯಾಗಿದೆ. ಬೆಟ್ಟದ ದಾಖಲೆಯಲ್ಲಿ ನಾನು ಬೆಳೆದದ್ದು ಇದೆ ಚಿಕ್ಕಮ್ಮ.

ಆ ಅಂದಾಜಿನ ಮೇಲೆ ತಿದ್ದಿ ನೋಡಿದರೆ ನಮ್ಮ ಚಳಿಗಾಲಗಳು ಇನ್ನು ಮೂವತ್ತು ವರ್ಷದಲ್ಲೇ ಅತಿ ಚಳಿಯವಲ್ಲ. ನಾನು ಹುಟ್ಟುವ ಮೊದಲಿನ ಯಾವುದೋ ಒಂದು ಚಳಿಗಾಲ ಮೇಲೆ ಬಂತು. ಸ್ವಲ್ಪ ಬೇಸರವಾಯಿತು, ಮುಚ್ಚಿಡುವುದಿಲ್ಲ. ಬೆಟ್ಟದ ಏರಿಕೆ 1.4 ಡಿಗ್ರಿ ಇದ್ದದ್ದು 1.3 ಆಗುತ್ತದೆ. ಅಷ್ಟೇ. ಏರುವುದು ನಿಂತಿಲ್ಲ. ನಿನ್ನ ತೊಟ್ಟಿಯೂ ಅದನ್ನೇ ಹೇಳುತ್ತಿದೆ.

ಆದರೆ ಅಂದಾಜಿನ ಮೇಲೆ ವರದಿ ಬರೆಯಲು ಅವರು ಒಪ್ಪುವುದಿಲ್ಲ. ಅದೇ ಪೆಟ್ಟಿಗೆ, ಅದೇ ಥರ್ಮಾಮೀಟರ್, ಒಂದು ವರ್ಷ ದಿನವೂ ಬೆಳಿಗ್ಗೆ ಏಳಕ್ಕೆ ಎರಡು ಸಲ ನೋಡಬೇಕು. ಒಮ್ಮೆ ನೆಟ್ಟಗೆ ನಿಂತು, ಒಮ್ಮೆ ಎಂಟು ವರ್ಷದ ಹುಡುಗಿಯ ಎತ್ತರದಿಂದ. ಯಾರಾದರೂ ಒಪ್ಪಿದರೆ ಪೆಟ್ಟಿಗೆ ಬಿಚ್ಚುವುದನ್ನು ಒಂದು ವರ್ಷ ಮುಂದೂಡಬಹುದು, ನಿನ್ನ ಕೇಂದ್ರವನ್ನು ಪಟ್ಟಿಯಲ್ಲಿ ಉಳಿಸಬಹುದು. "ಆ ಎತ್ತರದಲ್ಲಿ ಒಂದು ವರ್ಷ ಮೊಣಕಾಲೂರೋಕೆ ಯಾರು ಹೋಗ್ತಾರೆ?" ಎಂದು ಅವರೇ ಕೇಳಿಕೊಂಡು ತಲೆ ಆಡಿಸಿದರು.

ನನ್ನ ಮೇಜಿಗೆ ಬಂದು ನಿನ್ನ ಕೊನೆಯ ರಿಜಿಸ್ಟರಿನ ಎರಡು ಪುಟ ಟೈಪ್ ಮಾಡಿ ಮುಗಿಸಿದೆ. ಕೆಳಗೆ ಹೊಲಿಗೆ ಯಂತ್ರ ನಿಂತಿತ್ತು, ಟೈಲರ್ ಊಟಕ್ಕೆ ಹೋಗಿರಬೇಕು.

ಅಮ್ಮ ನಿನ್ನ ಎರಡು ಪೆಟ್ಟಿಗೆಗಳನ್ನು ಎಲ್ಲಿಡುವುದು ಎಂದು ಚಿಂತೆ ಮಾಡುತ್ತಿದ್ದಳು. ನನ್ನ ಕೋಣೆಯಲ್ಲೇ ಇಡು ಎಂದೆ, ಮಂಚವೂ ಚಿಕ್ಕಮ್ಮನಿಗೇ ಇರಲಿ ಎಂದೆ. ನೀನೆಲ್ಲಿ ಮಲಗ್ತೀಯೇ ಎಂದು ಅಮ್ಮ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ನಿನಗೇ ಮೊದಲು ಬರೆಯುತ್ತಿದ್ದೇನೆ. ಹೊರಡುವಾಗ ಸ್ಟೂಲನ್ನು ಯಾರಿಗೂ ಕೊಡಬೇಡ. ಚೌಕಟ್ಟಿಗೆ ಬಣ್ಣ ಹೊಡೆಯಲು ಬಿಡಬೇಡ. ಭೂತಗನ್ನಡಿ ಕಿಟಕಿಯ ಹತ್ತಿರವೇ ಇರಲಿ.

ಸಂಜೆ ಎಲ್ಲರೂ ಹೋದ ಮೇಲೆ ಅರ್ಜಿಯ ನಮೂನೆ ತೆಗೆದುಕೊಂಡೆ. ಹೆಸರು, ವಿದ್ಯಾರ್ಹತೆ ತುಂಬಿದೆ. ಸಾಹಿತ್ಯ ಎಂದು ಬರೆಯುವಾಗ ಸ್ವಲ್ಪ ನಗು ಬಂತು. ಎತ್ತರ ಎಂಬಲ್ಲಿ ಐದು ಅಡಿ ಎಂದು ಬರೆದೆ, ಕಾಲು ಇಂಚು ಸೇರಿಸುವ ಆಸೆಯಾಯಿತು, ಸೇರಿಸಲಿಲ್ಲ. ಅದರ ಕೆಳಗೆ 'ಈ ಕೆಲಸದಲ್ಲಿ ಹಿಂದಿನ ಅನುಭವ' ಎಂದಿತ್ತು. ಪೆನ್ನು ಹಿಡಿದು ಕೂತೆ. ಆಮೇಲೆ ಚಿಕ್ಕದಾಗಿ, ಚೌಕದೊಳಗೇ ಹಿಡಿಯುವಂತೆ, 'ಎರಡು ಚಳಿಗಾಲ' ಎಂದು ಬರೆದೆ.

ನಿನ್ನ
ಚೋಟು